ತಪ್ಪು ಕೇಳಿಸಿಕೊಂಡವಳು

ಯಾರಿಗೂ ತಲೆ ತಗ್ಗಿಸುವಂತಾಗದ ಹಾಗೆ ಅವರ ಮಾತನ್ನು ಅವರಿಂದಲೇ ಹಿಂದಕ್ಕೆ ತೆಗೆಸುವುದರಲ್ಲಿ ಗುರುಶಾಂತಯ್ಯನಷ್ಟು ಪಳಗಿದವನು ಕಾಶಿಯ ಕನ್ನಡದವರಲ್ಲಿ ಇನ್ನೊಬ್ಬನಿರಲಿಲ್ಲ. ಹರಿಶ್ಚಂದ್ರ ಘಾಟಿನ ಹಿಂದಿನ ಗಲ್ಲಿಯ ಮಠಕ್ಕೆ ಅವನು ಮ್ಯಾನೇಜರನಾಗಿ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಬಿಸಿನೀರು ಬರಲಿಲ್ಲವೆಂದು ಜಗಳ ತೆಗೆದು, ಗಂಟುಮೂಟೆ ಕಟ್ಟಿಕೊಂಡು ಬಾಗಿಲು ದಾಟುತ್ತಿದ್ದ ಯಾತ್ರಿಕರಿಗೆ, "ದರ್ಶನಕ್ಕ ಹೊಂಟ್ರೇನ್ರಿ? ಚೀಲ ಯಾಕ ಹೊರತೀರಿ, ಇಲ್ಲೇ ಇಟ್ಟು ಹೋಗ್ರಿ" ಎನ್ನುತ್ತಿದ್ದ. ಅವರು ಒಂದು ಗಳಿಗೆ ಅವನ ಮುಖ ನೋಡಿ, ಚೀಲ ಇಟ್ಟು, ನಿಜವಾಗಿಯೂ ದರ್ಶನಕ್ಕೇ ಹೋಗಿಬರುತ್ತಿದ್ದರು. ಇನ್ನು ಈ ಮಠಕ್ಕೆ ಹಾಲು ಹಾಕುವುದಿಲ್ಲವೆಂದು ಗಲ್ಲಿಗೆಲ್ಲ ಕೇಳುವಂತೆ ಕೂಗಾಡಿಹೋದ ಹಾಲಿನವನನ್ನು ಮರುದಿನ, "ಭಯ್ಯಾ, ಕಲ್ ತಬೀಯತ್ ಠೀಕ್ ನಹೀಂ ಥೀ ಕ್ಯಾ?" ಎಂದು ಕೇಳಿದ್ದ. ಹಾಲಿನವನೂ ಹೌದು, ಮೈ ಸರಿಯಿರಲಿಲ್ಲ ಎಂದು ಕ್ಯಾನು ಇಳಿಸಿದ್ದ.

ಇದರ ಬಗ್ಗೆ ಗುರುಶಾಂತಯ್ಯನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಸ್ವಾಮಿಗಳು ವರ್ಷದ ಹೆಚ್ಚಿನ ಕಾಲ ಕರ್ನಾಟಕದಲ್ಲೇ ಇರುತ್ತಿದ್ದುದರಿಂದ ಮಠದ ಯಜಮಾನಿಕೆಯೆಲ್ಲ ಹಿರಿಯ ಅರ್ಚಕರಾದ ಕೊಟ್ಟೂರಯ್ಯನವರದು. ಎಪ್ಪತ್ತಾರು ವರ್ಷ, ನೆಟ್ಟಗಿನ ಬೆನ್ನು, ಕಡಿಮೆ ಮಾತು. ಬಾಗಿಲಿನಲ್ಲಿ ಕೂರುತ್ತಿದ್ದವಳು ಬಸಲಿಂಗಮ್ಮ. ಸಿಂದಗಿ ಕಡೆಯವಳು. ಇಪ್ಪತ್ತಾರು ವರ್ಷದ ಹಿಂದೆ ಗಂಡನೊಂದಿಗೆ ಯಾತ್ರೆಗೆ ಬಂದಿದ್ದಳು. ಗಂಡ ಇಲ್ಲೇ ತೀರಿಕೊಂಡ. ಊರಿಗೆ ಹೋದರೆ ಯಾರ ಮನೆಗೆ ಹೋಗಬೇಕೆಂದು ತಿಳಿಯದೆ ನಾಲ್ಕು ದಿನ ಮಠದಲ್ಲೇ ಉಳಿದವಳು ಹಾಗೇ ಉಳಿದುಬಿಟ್ಟಳು. ಇಪ್ಪತ್ತನಾಲ್ಕು ಕೋಣೆಗಳ ಕೀಲಿಗೊಂಚಲು ಅವಳ ಸೊಂಟದಲ್ಲಿರುತ್ತಿತ್ತು. ಓದಲು ಬಾರದಿದ್ದರೂ ಯಾವ ಕೀಲಿ ಯಾವ ಕೋಣೆಯದೆಂದು ಬೆರಳಿಗೇ ಗೊತ್ತಿತ್ತು. ಬಂದವರಿಗೆ ಮೊದಲು ಕಾಣುವ ಮುಖ ಅವಳದು, ಮೊದಲು ಕೇಳುವ ಕನ್ನಡ ಅವಳದು. ಬಲಗಿವಿ ಸ್ವಲ್ಪ ಮಂದವಾಗಿತ್ತು. ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ.

ಎರಡು ವರ್ಷದ ಹಿಂದೆ ಲಿಂಗಸುಗೂರಿನಿಂದ ಒಬ್ಬಳೇ ಬಂದಿದ್ದ ಹೆಂಗಸೊಬ್ಬಳು ಕೋಣೆಯಲ್ಲಿ ಮಲಗಿದ್ದಲ್ಲೇ ಸತ್ತಿದ್ದಳು. ಪೊಲೀಸರು ನಾಲ್ಕು ದಿನ ಓಡಾಡಿದರು. ಕೊಟ್ಟೂರಯ್ಯನವರನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ, ಮೂರು ತಾಸು ಹಿಂದಿಯಲ್ಲಿ ಪ್ರಶ್ನೆ ಕೇಳಿದರು. ಅಲ್ಲಿಂದ ಬಂದ ದಿನ ಅವರು ಗುರುಶಾಂತಯ್ಯನನ್ನೂ ಬಸಲಿಂಗಮ್ಮನನ್ನೂ ಅಂಗಳಕ್ಕೆ ಕರೆದು, "ಇನ್ನ ಮ್ಯಾಲೆ ಒಂಟಿ ಹೆಂಗಸರಿಗೆ ಕೋಣಿ ಕೊಡಬ್ಯಾಡ್ರಿ" ಎಂದರು. ಕಾಗದದಲ್ಲಿ ಬರೆಯಲಿಲ್ಲ. ಹೇಳಿದ್ದು ಅಷ್ಟೇ. ಅಂದಿನಿಂದ ಒಬ್ಬೊಬ್ಬರೇ ಬಂದ ಹೆಂಗಸರನ್ನು ಬಸಲಿಂಗಮ್ಮ ಕೈಮುಗಿದು ಕಳಿಸುತ್ತಿದ್ದಳು.

ತುಂಗಾಬಾಯಿ ಬಂದದ್ದು ಜನವರಿಯಲ್ಲಿ, ಎದುರಿನ ಗೋಡೆಯೂ ಕಾಣದಂಥ ಮಂಜಿನ ಒಂದು ಮುಂಜಾನೆ. ಗಜೇಂದ್ರಗಡದ ಅರವತ್ತೆರಡರ ಹೆಂಗಸು. ಅಂಗನವಾಡಿಯಲ್ಲಿ ಅಡುಗೆ ಮಾಡಿ ನಿವೃತ್ತಳಾಗಿದ್ದಳು. ಜೀವನದಲ್ಲಿ ಮೊದಲ ಸಲ ತಾನೇ ಟಿಕೆಟ್ಟು ತೆಗೆಸಿ, ಎರಡು ದಿನ ರೈಲಿನಲ್ಲಿ ಕೂತು ಬಂದಿದ್ದಳು. ಹಿಂದಿ ಒಂದಕ್ಷರ ಬಾರದು. ಬಸಲಿಂಗಮ್ಮ ಅವಳನ್ನು ಬಾಗಿಲಲ್ಲೇ ಕೂರಿಸಿ, ಬಿಸಿ ಹಾಲು ಕೊಟ್ಟು, ಒಳಗೆ ಬಂದಳು. ಕೊಟ್ಟೂರಯ್ಯನವರು ಪೂಜೆಗೆ ಬಿಲ್ವಪತ್ರೆ ಆರಿಸುತ್ತಿದ್ದರು. ಗುರುಶಾಂತಯ್ಯ ಪಕ್ಕದಲ್ಲೇ ನಿಂತಿದ್ದ.

"ಅಯ್ನೋರ, ಇದೊಂದು ಸಲ ಬಿಡ್ರಿ. ಪಾಪ, ಒಬ್ಬಾಕಿನ ಬಂದಾಳ. ನಾನೂ ಹಂಗ ಒಬ್ಬಾಕಿನ ಉಳಿದಾಕಿ ಅಲ್ಲೇನ್ರಿ?"

"ಒಮ್ಮೆ ಹೇಳೀನಿ ಬಸಲಿಂಗವ್ವ."

"ಬರೇ ಎರಡ ದಿನ, ಅಯ್ನೋರ."

"ಒಂಟಿ ಹೆಂಗಸರಿಗೆ ಕೋಣಿ ಇಲ್ಲ ಅಂದ್ರ ಇಲ್ಲ."

ಬಸಲಿಂಗಮ್ಮ ಗುರುಶಾಂತಯ್ಯನ ಕಡೆ ತಿರುಗಿದಳು. ಅವನು ಏನಾದರೊಂದು ಹೇಳಬಹುದಿತ್ತು. ಆದರೆ ಹಿರಿಯರನ್ನು ಪೂಜೆಯ ಹೊತ್ತಿನಲ್ಲಿ ತಡೆಯುವುದು ಸರಿಯಲ್ಲ, ಸಂಜೆ ಹದ ನೋಡಿ ಹೇಳೋಣ ಎಂದುಕೊಂಡ. ಸಂಜೆಯ ಹೊತ್ತಿಗೆ ತುಂಗಾಬಾಯಿ ಹೋಗಿದ್ದಳು. ಬಸಲಿಂಗಮ್ಮನೇ ಆಟೋದವನಿಗೆ ಹೇಳಿ ಅಸ್ಸಿ ಘಾಟಿನ ಹತ್ತಿರದ ಒಂದು ಗೆಸ್ಟ್‌ಹೌಸಿಗೆ ಕಳಿಸಿದ್ದಳು.

ಗೆಸ್ಟ್‌ಹೌಸಿನವರು ಏನು ಕೇಳಿದರೋ, ಅವಳಿಗೆ ಏನು ತಿಳಿಯಿತೋ, ಅಲ್ಲಿ ಕೋಣೆ ಸಿಗಲಿಲ್ಲ. ಘಾಟಿನ ಮೆಟ್ಟಿಲ ಮೇಲೆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಆ ಚಳಿಯಲ್ಲಿ ರಾತ್ರಿಯೆಲ್ಲ ಕೂತೇ ಇದ್ದಳು. ಮರುದಿನ ಜ್ವರದಲ್ಲಿ ಒಂದೇ ಸಮನೆ ಏನೋ ಹೇಳುತ್ತಿದ್ದವಳನ್ನು ಚಹಾದ ಅಂಗಡಿಯವರು ಆಸ್ಪತ್ರೆಗೆ ಸೇರಿಸಿದರು. ಅವಳು ಹೇಳುತ್ತಿದ್ದುದು ಯಾವ ಭಾಷೆ ಎಂದು ನರ್ಸುಗಳು ವಿಚಾರಿಸಿದಾಗ ಡಾಕ್ಟರ್ ವಿಜಯಶ್ರೀಗೆ ಕರೆ ಹೋಯಿತು.

ವಿಜಯಶ್ರೀ ದಾವಣಗೆರೆಯವಳು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಎಂಟು ವರ್ಷದಿಂದ ಇದ್ದಳು. ವಾರ ಕಳೆದು ತುಂಗಾಬಾಯಿ ಎದ್ದು ಕೂರುವಂತಾದ ಮೇಲೆ ವಿಜಯಶ್ರೀ ನೇರವಾಗಿ ಮಠದ ಆಫೀಸಿಗೆ ಬಂದು ಗುರುಶಾಂತಯ್ಯನ ಎದುರು ನಿಂತಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ನ್ಯುಮೋನಿಯಾ ಎರಡೂ ಶ್ವಾಸಕೋಶಕ್ಕೆ ಹತ್ತಿತ್ತು. ಇನ್ನೊಂದು ದಿನ ತಡ ಆಗಿದ್ದರೆ ಕಷ್ಟ ಇತ್ತು. ಕನ್ನಡದವರ ಮಠ ಅಂತ ನಂಬಿ ಬಂದವರನ್ನ ಹೆಂಗಸು ಅಂತ ಹೊರಗೆ ಹಾಕ್ತೀರಾ?"

"ಡಾಕ್ಟರ್ ಮೇಡಂ, ಒಂದ್ ನಿಮಿಷ…"

"ನಿಮ್ಮನ್ನಲ್ಲ, ಅಯ್ಯನವರನ್ನ ಕೇಳ್ತೀನಿ. ಭಾನುವಾರ ಎಲ್ಲರೂ ಬರ್ತೀವಲ್ಲ, ಎಲ್ಲರ ಎದುರಿಗೇ ಕೇಳ್ತೀನಿ."

ಪ್ರತಿ ತಿಂಗಳ ಮೊದಲ ಭಾನುವಾರ ವಿಶ್ವವಿದ್ಯಾಲಯದ ಕನ್ನಡದವರು ಮಕ್ಕಳುಮರಿಯೊಂದಿಗೆ ಮಠಕ್ಕೆ ಪ್ರಸಾದಕ್ಕೆ ಬರುತ್ತಿದ್ದರು. ಅದಕ್ಕಿನ್ನು ಎರಡೇ ದಿನ ಉಳಿದಿತ್ತು. ಮೂವತ್ತು ನಲವತ್ತು ಜನರ ನಡುವೆ ಕೊಟ್ಟೂರಯ್ಯನವರು ಪ್ರಶ್ನೆ ಕೇಳಿಸಿಕೊಂಡು ನಿಲ್ಲುವುದನ್ನು ಗುರುಶಾಂತಯ್ಯನಿಂದ ನೆನೆಯಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆ ಮುಗಿದು ಅವರು ಅಂಗಳದ ಎಳೆಬಿಸಿಲಿಗೆ ಕೂತಿದ್ದಾಗ ಹೋಗಿ ವಿಷಯ ಹೇಳಿದ. ಕೊಟ್ಟೂರಯ್ಯನವರು, "ಈಗ ಹ್ಯಾಂಗದಾಳ ಆಕಿ?" ಎಂದರು.

"ಆರಾಮ ಆಗ್ಯಾಳ್ರಿ."

"ಆ ಠಾಣೆದಾಗ ಕುಂತಿದ್ದು ನೆನಪಾಗಿ ಹಾಂಗ ಹೇಳಿದ್ನೋ ಗುರುಶಾಂತ. ಹೆಂಗಸರ ಮ್ಯಾಲ ಸಿಟ್ಟಿಲ್ಲ." ಎರಡೂ ಅಂಗೈಯಿಂದ ಮುಖ ಒರೆಸಿಕೊಂಡರು. "ಈಗ ಎಲ್ಲಾರ ಮುಂದ ಏನ ಹೇಳ್ಲಿ? ಈ ವಯಸ್ಸಿನಾಗ?"

ಇಂಥ ಹೊತ್ತಿನಲ್ಲಿ ಗುರುಶಾಂತಯ್ಯನ ನಾಲಿಗೆ ತಾನಾಗಿಯೇ ಓಡುತ್ತಿತ್ತು. ಎದುರಿಗಿದ್ದವರ ಸಂಕಟ ಕಂಡರೆ ಸಾಕು, ದಾರಿ ತಂತಾನೇ ಹೊಳೆಯುತ್ತಿತ್ತು. ಅಂದೂ ಹೊಳೆಯಿತು.

"ನೀವು ಹಾಂಗ ಎಲ್ಲಿ ಹೇಳೀರಿ, ಅಯ್ನೋರ? 'ಒಂಟಿ ಹೆಂಗಸರಿಗೆ ವಿಚಾರಸದ ಕೋಣಿ ಕೊಡಬ್ಯಾಡ್ರಿ' ಅಂದಿದ್ರಿ. ವಿಚಾರಿಸಿ ಕೊಡ್ರಿ ಅಂತ ಅದರ ಅರ್ಥ. ಬಸಲಿಂಗವ್ವನ ಕಿವಿ ನಿಮಗೂ ಗೊತ್ತೈತಲ್ಲ, ಒಂದು ಶಬ್ದ ತಪ್ಪಿರಬೇಕು."

ಕೊಟ್ಟೂರಯ್ಯನವರು ಅವನನ್ನೇ ನೋಡಿದರು.

"ವಿಚಾರಸದ ಅಂದಿದ್ನೇನು?"

"ಅಂದಿದ್ರಿ."

ಅವರು ಮತ್ತೇನೂ ಕೇಳಲಿಲ್ಲ. ಶಾಲು ಹೊದ್ದುಕೊಂಡು ಎದ್ದು ಒಳಗೆ ಹೋದರು. ಗುರುಶಾಂತಯ್ಯನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬಸಲಿಂಗಮ್ಮನಿಗೆ ಮುಂಚೆ ಒಂದು ಮಾತು ತಿಳಿಸಬೇಕೆಂಬುದು ಅವನಿಗೆ ಹೊಳೆಯಲಿಲ್ಲವೆಂದಲ್ಲ. ಬಾಗಿಲಿನವರೆಗೂ ಹೋದ. ಅವಳು ರಾಯಚೂರಿನ ಯಾತ್ರಿಕರಿಗೆ ದಾರಿ ಹೇಳುತ್ತಿದ್ದಳು. ಆಮೇಲೆ ಹೇಳಿದರಾಯಿತು ಎಂದು ಹಿಂತಿರುಗಿದ. ಆ ಆಮೇಲೆ ಬರಲೇ ಇಲ್ಲ.

ಭಾನುವಾರ ಅಂಗಳ ತುಂಬಿತ್ತು. ವಿಜಯಶ್ರೀ ತುಂಗಾಬಾಯಿಯನ್ನೂ ಕರೆತಂದಿದ್ದಳು. ಅವಳು ಪ್ರಶ್ನೆ ಕೇಳುವ ಮೊದಲೇ ಕೊಟ್ಟೂರಯ್ಯನವರು ಎದ್ದು ನಿಂತು, ತಾವು ಹೊದ್ದಿದ್ದ ಶಾಲನ್ನು ತೆಗೆದು ತುಂಗಾಬಾಯಿಗೆ ಹೊದಿಸಿದರು.

"ತಾಯೀ, ನಿನಗ ತ್ರಾಸಾತು. ವಿಚಾರಿಸಿ ಕೋಣಿ ಕೊಡ್ರಿ ಅಂತ ನಾ ಹೇಳಿದ್ದು. ನಮ್ಮ ಬಸಲಿಂಗವ್ವಗ ಕಿವಿ ಮಂದ, ಕೊಡಬ್ಯಾಡ್ರಿ ಅಂತ ಕೇಳಿಸಿಕೊಂಡಾಳ. ಕಿವಿ ಕೇಳದಾಕಿನ್ನ ಬಾಗಿಲಾಗ ಕುಂದರಿಸಿದ್ದು ನನ್ನ ತಪ್ಪು."

ಜನ ತಲೆದೂಗಿದರು. ಎಷ್ಟು ದೊಡ್ಡ ಮನಸ್ಸು ಎಂದು ಯಾರೋ ಅಂದರು. ತುಂಗಾಬಾಯಿ ಮಾತ್ರ, "ಇಲ್ರೀ ಅಜ್ಜಾ, ಆಕಿ ನನಗ ಹಾಲು ಕೊಟ್ಟಾಳ್ರಿ, ಕಣ್ಣೀರು ಹಾಕ್ಯಾಳ್ರಿ" ಎಂದು ಏನನ್ನೋ ಹೇಳಲು ನೋಡಿದಳು. "ಮನಸ್ಸು ಒಳ್ಳೇದೇ ಅಮ್ಮ, ಕಿವಿ ಒಂದು ಸರಿ ಇಲ್ಲ" ಎಂದು ಪಕ್ಕದವರು ಸಮಾಧಾನ ಮಾಡಿದರು.

ಬಸಲಿಂಗಮ್ಮ ಕಂಬದ ಹತ್ತಿರ ನಿಂತಿದ್ದಳು. ಎಲ್ಲವೂ ಅವಳಿಗೆ ಕೇಳಿಸಿತ್ತು. ಅವಳು ಕೊಟ್ಟೂರಯ್ಯನವರನ್ನು ನೋಡಲಿಲ್ಲ, ಗುರುಶಾಂತಯ್ಯನನ್ನು ನೋಡಿದಳು. ಅವನು ಕೈಯಲ್ಲಿದ್ದ ರಿಜಿಸ್ಟರಿನ ಹಾಳೆ ತಿರುವಿದ. ಆ ಹಾಳೆಯಲ್ಲಿ ಏನೂ ಬರೆದಿರಲಿಲ್ಲ.

ಅವಳು ಜಗಳಕ್ಕೆ ಬರುತ್ತಾಳೆ, ಅತ್ತು ಕೇಳುತ್ತಾಳೆ ಎಂದು ಅವನು ಕಾದ. ಬರಲಿಲ್ಲ. ಎರಡು ದಿನದ ಮೇಲೆ ಕೊಟ್ಟೂರಯ್ಯನವರು ಕೀಲಿಗೊಂಚಲನ್ನು ಅಡುಗೆ ಮಾಡುತ್ತಿದ್ದ ಶರಣನಿಗೆ ಕೊಡಿಸಿ, ಅವಳನ್ನು ಹಿಂದಿನ ಅಂಗಳದಲ್ಲಿ ಹೂಪತ್ರೆ ಆರಿಸುವ ಕೆಲಸಕ್ಕೆ ಹಾಕಿದರು. "ಆಕಿಗೂ ವಯಸ್ಸಾತು, ಬಿಸಲಾಗ ಆರಾಮ ಕುಂದರ್ಲಿ" ಎಂದರು. ಅವಳು ಸೊಂಟದಿಂದ ಗೊಂಚಲು ಬಿಚ್ಚಿ ಗುರುಶಾಂತಯ್ಯನ ಮೇಜಿನ ಮೇಲಿಟ್ಟು, "ಎಣಸಿಕೊಳ್ರಿ, ಮ್ಯಾನೇಜರ್ ಸಾಹೇಬ್ರ" ಎಂದಳು. ಹತ್ತೊಂಬತ್ತು ವರ್ಷ ಅವಳು ಅವನನ್ನು ತಮ್ಮಾ ಎಂದೇ ಕರೆದಿದ್ದಳು.

ಆಮೇಲೆ ಶುರುವಾದದ್ದನ್ನು ಅವನು ಎಣಿಸಿರಲಿಲ್ಲ. ಮಠದವರೆಲ್ಲ ಅವಳೊಂದಿಗೆ ಕೂಗಿ ಮಾತಾಡತೊಡಗಿದರು. ಊಟಕ್ಕೆ ಕರೆಯುವವರು ಕೂಗಿ ಕರೆದರು, ಹೂ ಕೇಳುವವರು ಕೈಸನ್ನೆ ಮಾಡಿದರು. ಹಾಲಿನವನೂ, "ಅಮ್ಮಾ, ಸುನಾಯೀ ದೇತಾ ಹೈ?" ಎಂದು ನಗುತ್ತ ಕಿವಿಯ ಹತ್ತಿರ ಬಾಗಿದ. ಮೊದಮೊದಲು ಅವಳು, "ಕೇಳ್ತೈತಿ, ಮೆಲ್ಲಕ ಹೇಳ್ರಿ" ಎನ್ನುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ಕರೆದರೆ ಕೆಲವು ಸಲ ತಿರುಗಿಯೂ ನೋಡುತ್ತಿರಲಿಲ್ಲ. ಅದನ್ನು ಕಂಡವರು ಕಿವಿ ಪೂರಾ ಹೋಗಿದೆ ಎಂದುಕೊಂಡರು. ಗುರುಶಾಂತಯ್ಯ ಆಫೀಸಿನ ಕಿಟಕಿಯಿಂದ ಹಿಂದಿನ ಅಂಗಳ ಕಾಣುವುದೆಂದು ಕಿಟಕಿಯ ಬಾಗಿಲು ಮುಚ್ಚಿಯೇ ಇಡತೊಡಗಿದ. ಯಾತ್ರಿಕರು ಜಗಳ ತಂದರೆ, ಬಾಯಿಗೆ ಬಂದ ಜಾಣ ಮಾತು ಗಂಟಲಲ್ಲೇ ನಿಲ್ಲುತ್ತಿತ್ತು.

ವಿಜಯಶ್ರೀ ಒಳ್ಳೆಯ ಮನಸ್ಸಿನಿಂದಲೇ ಬಸಲಿಂಗಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದಳು. ರಿಪೋರ್ಟು ಹಿಡಿದು ಆಫೀಸಿಗೆ ಬಂದಾಗ ಅವಳ ಮುಖದಲ್ಲಿ ಗೊಂದಲವಿತ್ತು.

"ಬಲಗಿವಿ ಕಡಿಮೆ, ನಿಜ. ಆದರೆ ಎಡಗಿವಿ ನನ್ನಷ್ಟೇ ಚೆನ್ನಾಗಿದೆ. ಎದುರಿಗೆ ನಿಂತು ಹೇಳಿದ ಮಾತು ತಪ್ಪು ಕೇಳಿಸೋ ಹಾಗೇ ಇಲ್ಲ. ಅಯ್ಯನವರು ಹೇಳಿದಾಗ ನೀವೂ ಅಲ್ಲಿದ್ರಂತೆ. ನಿಮಗೆ ಏನು ಕೇಳಿಸ್ತು?"

"ನೆನಪಿಲ್ರಿ, ಮೇಡಂ" ಎಂದ ಗುರುಶಾಂತಯ್ಯ. "ಎರಡು ವರ್ಷದ ಮಾತು."

ಅವಳು ಹೋದ ಮೇಲೆ ಅವನು ಎರಡೂ ಕೈಯಲ್ಲಿ ತಲೆ ಹಿಡಿದು ಕೂತ. ಮೊದಲ ಸಲದ ಸುಳ್ಳು ಇನ್ನೊಬ್ಬರ ಸಂಕಟ ನೋಡಲಾರದೆ ಬಂದದ್ದೆಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಈ ಸುಳ್ಳು ಯಾರಿಗಾಗಿ? ತನಗಾಗಿಯೇ.

ಮಾರ್ಚಿನ ಮೊದಲ ಭಾನುವಾರ, ಪ್ರಸಾದಕ್ಕೆ ಎಲ್ಲರೂ ಸೇರಿದಾಗ ಅವನು ಎದ್ದು ನಿಂತ. ರಾತ್ರಿಯೆಲ್ಲ ಜೋಡಿಸಿಕೊಂಡ ಮಾತು. ನಿಜವನ್ನು ಪೂರ್ತಿ ಹೇಳಿದರೆ ಕೊಟ್ಟೂರಯ್ಯನವರು ಎಲ್ಲರ ಎದುರು ಸುಳ್ಳರಾಗುತ್ತಾರೆ. ಹಾಗಾಗದಂತೆ, ಬಸಲಿಂಗಮ್ಮನಿಗೂ ನ್ಯಾಯ ಸಿಗುವಂತೆ ಅಳೆದು ತೂಗಿದ್ದ.

"ಅಯ್ನೋರ ಮಾತು ಬಾಗಿಲಿಗೆ ಮುಟ್ಟಿಸಿದಾಂವ ನಾನು. ತಪ್ಪು ನಂದು. ನಾನ ತಿರುಗುಮುರುಗು ಹೇಳಿದೆ. ಬಸಲಿಂಗವ್ವ ಸರಿಯಾಗೇ ಕೇಳ್ಯಾಳ."

ನಿವೃತ್ತ ಪ್ರೊಫೆಸರ್ ಪ್ರಾಣೇಶ ಅವರು ಎದ್ದುಬಂದು ಅವನ ಭುಜ ತಟ್ಟಿದರು. "ನೋಡಿ, ಮನುಷ್ಯ ಅಂದ್ರೆ ಹೀಗಿರಬೇಕು. ಕೈಕೆಳಗಿನವರ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಾರೆ. ಗುರುಶಾಂತಯ್ಯನವರು ಯಾವತ್ತೂ ಹೀಗೇ." ಹೌದು ಹೌದು ಎಂದರು ಎಲ್ಲ. ಹೆಂಗಸರ ಕಣ್ಣು ಒದ್ದೆಯಾಯಿತು. ಅವನು, "ಇಲ್ರಿ, ಖರೇನ ನನ್ನ ತಪ್ಪು" ಎಂದಷ್ಟೂ ಅವರ ಮೆಚ್ಚುಗೆ ಹೆಚ್ಚಿತು. ಕಂಬದ ಹತ್ತಿರ ಯಾರೂ ಇರಲಿಲ್ಲ. ಬಸಲಿಂಗಮ್ಮ ಈಗ ಭಾನುವಾರ ಮುಂದಿನ ಅಂಗಳಕ್ಕೆ ಬರುತ್ತಿರಲಿಲ್ಲ.

ಊಟದ ಎಲೆ ಮುಂದಿದ್ದಂತೆಯೇ ಅವನು ಎದ್ದು ಹಿಂದಿನ ಅಂಗಳಕ್ಕೆ ಹೋದ. ಅವಳು ಬುಟ್ಟಿಯಿಂದ ಹುಳ ತಿಂದ ಪತ್ರೆಗಳನ್ನು ಬೇರೆ ಮಾಡುತ್ತಿದ್ದಳು. ಅವನು ಎದುರಿಗೆ ಕುಕ್ಕುರುಗಾಲಲ್ಲಿ ಕೂತು, ಅಂದು ಆಫೀಸಿಗೆ ಬಂದ ಡಾಕ್ಟರಿಂದ ಹಿಡಿದು, ಎಳೆಬಿಸಿಲಿನಲ್ಲಿ ತಾನು ಆಡಿದ ಮಾತಿನವರೆಗೆ ಒಂದೂ ಬಿಡದೆ ಹೇಳಿದ. ಈ ಸಲ ಅಳೆಯಲಿಲ್ಲ, ತೂಗಲಿಲ್ಲ.

ಬಸಲಿಂಗಮ್ಮನ ಕೈ ನಿಲ್ಲಲಿಲ್ಲ.

"ಗೊತ್ತೈತಿ. ಅಯ್ನೋರಿಗೆ ಅಂಥಾ ಮಾತು ಹೊಳಿಯೂದಿಲ್ಲ."

"ತಪ್ಪಾತು, ಬಸಲಿಂಗವ್ವ."

"ನನ್ನ ಮುಂದ ಹೇಳಿದ್ರ ಏನಾತು? ನಿನ್ನ ಎದಿ ಹಗುರಾತು. ನನಗೇನಾತು?"

ಅವನು ಕೆಳಗೆ ಬಿದ್ದಿದ್ದ ಒಂದು ಪತ್ರೆಯನ್ನು ಎತ್ತಿ ಬುಟ್ಟಿಗೆ ಹಾಕಿದ.

"ಒಂದ ಮಾತು ಕೇಳಿದ್ರ ನಾನ ಹೂಂ ಅಂತಿದ್ದೆ" ಎಂದಳು ಅವಳು. "ಅಯ್ನೋರ ಮರ್ಯಾದಿಗೆ ನಾ ಕಿವುಡಿ ಆಗ್ತಿದ್ದೆ. ನನ್ನನ್ನ ಕೇಳಲಾರದ ಮಾಡಿದ್ರಿ." ಬುಟ್ಟಿ ಪಕ್ಕಕ್ಕಿಟ್ಟು ಮೊಣಕಾಲ ಮೇಲೆ ಕೈಯೂರಿ ಎದ್ದಳು. "ನಡಿ."

"ಎಲ್ಲಿಗೆ?"

"ಅಯ್ನೋರ ಹಂತ್ಯಾಕ. ನೀ ಏನೂ ಮಾತಾಡಬ್ಯಾಡ."

ಕೊಟ್ಟೂರಯ್ಯನವರು ಊಟ ಮುಗಿಸಿ ತಮ್ಮ ಕೋಣೆಯಲ್ಲಿ ಕೂತಿದ್ದರು. ಬಸಲಿಂಗಮ್ಮ ಹೊಸ್ತಿಲ ಹೊರಗೆ ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಹಿಂದೆ ನಿಂತ ಗುರುಶಾಂತಯ್ಯನಿಗೆ ಓಡಿಹೋಗಬೇಕೆನಿಸಿತು. ನಾಲಿಗೆಯ ಮೇಲೆ ಹತ್ತು ಬಗೆಯ ಮೃದುವಾದ ಪೀಠಿಕೆಗಳು ಬಂದು ನಿಂತಿದ್ದವು. ಅವಳು ಪೀಠಿಕೆಯನ್ನೇ ಹಾಕಲಿಲ್ಲ.

"ಅಯ್ನೋರ, ನಾ ತಪ್ಪು ಕೇಳಿದ್ನೇನ್ರಿ?"

ಮುದುಕರು ತಲೆಯೆತ್ತಿದರು. ಅವಳ ಮುಖವನ್ನೂ ಅವಳ ಹಿಂದಿದ್ದ ಗುರುಶಾಂತಯ್ಯನ ಮುಖವನ್ನೂ ನೋಡಿದರು. ಹೊರಗೆ ಎಲೆ ಎತ್ತುವ ಸದ್ದು, ಮಕ್ಕಳ ಹಿಂದಿ ಮಾತು ಕೇಳುತ್ತಿತ್ತು.

"ಇಲ್ಲ" ಎಂದರು. "ಸರಿಯಾಗೇ ಕೇಳಿದ್ದಿ. ನಾ ಅಂದದ್ದ ಹಾಂಗ."

"ಅಷ್ಟ ಸಾಕ್ರಿ" ಎಂದು ಬಸಲಿಂಗಮ್ಮ ಹೊರಟಳು.

ಕೊಟ್ಟೂರಯ್ಯನವರು ಅಷ್ಟಕ್ಕೇ ಬಿಡಲಿಲ್ಲ. ಏಪ್ರಿಲಿನ ಭಾನುವಾರ ಅಂಗಳದ ನಡುವೆ ನಿಂತು, ಕೋಣೆ ಕೊಡಬೇಡಿ ಎಂದದ್ದು ತಾನೇ, ಪೊಲೀಸರಿಗೆ ಹೆದರಿ ಹಾಗೆಂದೆ, ಬಸಲಿಂಗವ್ವ ಕಿವಿಯಾರೆ ಕೇಳಿದ್ದನ್ನೇ ಮಾಡಿದಳು, ಎರಡು ತಿಂಗಳ ಹಿಂದೆ ಇಲ್ಲೇ ನಿಂತು ತಾನು ಆಡಿದ್ದು ಸುಳ್ಳು ಎಂದು ಹೇಳಿದರು. ಗುರುಶಾಂತಯ್ಯನ ಹೆಸರೆತ್ತಲಿಲ್ಲ. ಒಂದು ನಿಮಿಷವೂ ಹಿಡಿಯಲಿಲ್ಲ. ಯಾರೂ ನಗಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಇಬ್ಬರು ಮೂವರು ಮುಖ ಕೆಳಗೆ ಹಾಕಿದರು. ಪ್ರಾಣೇಶ ಅವರು ಕನ್ನಡಕ ಒರೆಸಿಕೊಂಡರು. ವಿಜಯಶ್ರೀ ಹೋಗಿ ಅವರ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ ಎಂದಿನಂತೆ ಎಲೆ ಹಾಕಿದರು. ಗುರುಶಾಂತಯ್ಯ ಎದ್ದು, ಆ ಸುಳ್ಳು ಹುಟ್ಟಿದ್ದು ತನ್ನ ಬಾಯಲ್ಲಿ ಎಂದ. ಈ ಸಲ ಅವನ ಭುಜ ತಟ್ಟಲು ಯಾರೂ ಬರಲಿಲ್ಲ.

ಬಸಲಿಂಗಮ್ಮ ಬಾಗಿಲಿಗೆ ಮರಳಿದಳು. ಆದರೂ ಕೆಲವರು ರೂಢಿಯಿಂದ ಅವಳೊಂದಿಗೆ ಕೂಗಿಯೇ ಮಾತಾಡುತ್ತಿದ್ದರು. ಒಂದು ಸಲ ಕಿವುಡಿ ಎನಿಸಿಕೊಂಡದ್ದು ಅಷ್ಟು ಬೇಗ ಹೋಗುವುದಿಲ್ಲ. ಯಾರಾದರೂ ಹಾಗೆ ಕೂಗಿದಾಗಲೆಲ್ಲ ಆಫೀಸಿನೊಳಗೆ ಗುರುಶಾಂತಯ್ಯನ ಪೆನ್ನು ನಿಲ್ಲುತ್ತಿತ್ತು. ಎರಡು ವರ್ಷದಲ್ಲಿ ಎಷ್ಟು ಹೆಂಗಸರು ಈ ಬಾಗಿಲಿನಿಂದ ಹಿಂದೆ ಹೋದರೆಂದು ಅವನು ಒಂದು ದಿನ ರಿಜಿಸ್ಟರು ತೆರೆದು ಹುಡುಕಿದ. ಒಳಗೆ ಬಂದವರ ಹೆಸರು ಮಾತ್ರ ಅದರಲ್ಲಿತ್ತು.

ಬೇಸಿಗೆ ಏರಿದ ಮೇಲೆ ಕೊಟ್ಟೂರಯ್ಯನವರಿಗೆ ಸ್ನಾನಕ್ಕೆ ಹೋಗಲು ಆಸರೆ ಬೇಕಾಯಿತು. ಗುರುಶಾಂತಯ್ಯನೇ ಅವರ ಕೈಹಿಡಿದು ಘಾಟಿಗೆ ಕರೆದೊಯ್ಯುತ್ತಿದ್ದ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತಾಗ, ಎಷ್ಟೋ ದಿನದಿಂದ ಬಾಯಲ್ಲಿದ್ದುದನ್ನು ಅವನು ಕೇಳಿಯೇಬಿಟ್ಟ.

"ಅಯ್ನೋರ, ಅವತ್ತು ಬಿಸಿಲಾಗ ನಾ ಆ ಮಾತು ಹೇಳದ ಸುಮ್ಮನಿದ್ದಿದ್ರ, ನೀವ ಎಲ್ಲಾರ ಮುಂದ ಖರೇ ಹೇಳ್ತಿದ್ರೇನು?"

ಕೊಟ್ಟೂರಯ್ಯನವರು ನದಿಯ ಆಚೆ ದಡದ ಮರಳನ್ನೇ ನೋಡುತ್ತ ಕೂತಿದ್ದರು.

"ಹೇಳ್ತಿದ್ನೋ ಏನೋ. ಹೇಳ್ತಿರಲಿಲ್ಲೋ ಏನೋ. ಏನ ಹೇಳ್ಬೇಕು ಅಂತ ಹುಡುಕಾಕತ್ತಿದ್ದೆ, ಅಷ್ಟರಾಗ ನೀ ಒಂದು ಮಾತು ಕೊಟ್ಟಿ." ಅವನ ಕಡೆ ತಿರುಗಿ, "ಇನ್ನ ಅದು ನಿನಗೂ ಗೊತ್ತಾಗೂದಿಲ್ಲ, ನನಗೂ ಗೊತ್ತಾಗೂದಿಲ್ಲ" ಎಂದರು.

ಗುರುಶಾಂತಯ್ಯ ಅವರ ಉಸಿರು ಒಂದು ಹದಕ್ಕೆ ಬರುವವರೆಗೆ ಕಾದು, ಕೈಕೊಟ್ಟು ಎಬ್ಬಿಸಿ, ನೀರಿನ ಕಡೆಗೆ ಒಂದೊಂದೇ ಮೆಟ್ಟಿಲು ಇಳಿಸಿದ.